ಒಂದೇ ಒಂದು ಪಾಯಿಂಟು: ಗೇಲಿಕ್ ಫುಟ್‌ಬಾಲ್ ಮತ್ತು ಮಿಕ್ ಓಡ್ವಾಯರ್ ಕಥೆ

2025ರ ಏಪ್ರಿಲ್ 3ಕ್ಕೆ ಐರ್ಲೆಂಡಿನಲ್ಲಿ ಮಿಕ್ ಓಡ್ವಾಯರ್ ಅನ್ನೋರು ತೀರ್ಕೊಂಡ್ರು, 88 ವರ್ಷ ಆಗಿತ್ತು. ಅಲ್ಲಿನ ಜನ ಇವರನ್ನ ಪ್ರೀತಿಯಿಂದ ಮಿಕೋ ಅಂತಿದ್ರು. ಆಟಗಾರನಾಗಿ 4, ಮ್ಯಾನೇಜರಾಗಿ 8, ಒಟ್ಟು 12 ಸಲ ದೇಶದ ದೊಡ್ಡ ಕಪ್ ಗೆದ್ದವರು. ಆದ್ರೆ ಐರ್ಲೆಂಡಿನ ಹೊರಗೆ ಇವರ ಹೆಸರು ಕೇಳಿದೋರು ಬಹಳ ಕಮ್ಮಿ, ಯಾಕಂದ್ರೆ ಇವರ ಆಟ ಗೇಲಿಕ್ ಫುಟ್‌ಬಾಲ್, ಅದನ್ನ ದೊಡ್ಡ ಮಟ್ಟದಲ್ಲಿ ಆಡೋದು ಆ ಒಂದು ದ್ವೀಪದಲ್ಲಿ ಮಾತ್ರ.

ಸಾಫ್ಟ್‌ವೇರ್, ನರ್ಸಿಂಗ್ ಅಂತ ಕೆಲಸಕ್ಕೆ ಹೋಗಿ ಅಲ್ಲೇ ನೆಲೆಸಿರೋ ಕನ್ನಡದ ಮನೆಗಳೂ ಈಗ ಸುಮಾರಿದಾವೆ. ಮಕ್ಕಳು ಅಲ್ಲಿನ ಸ್ಕೂಲಿಗೆ ಹೋದ್ರೆ ಈ ಆಟ ಮನೆಗೇ ಬರುತ್ತೆ, ಕಾಲಲ್ಲೂ ಒದೀತಾರೆ, ಕೈಯಲ್ಲೂ ಹಿಡೀತಾರೆ, ಸ್ಕೋರು ನೋಡಿದ್ರೆ ಫೋನ್ ನಂಬರ್ ತರ ಇರುತ್ತೆ, ಅಪ್ಪ ಅಮ್ಮ ಗೆರೆ ಪಕ್ಕ ನಿಂತ್ಕೊಂಡು ಪಕ್ಕದೋರು ಚಪ್ಪಾಳೆ ಹೊಡೆದಾಗ ತಾವೂ ಹೊಡೀಬೇಕು. ಅಂಥೋರಿಗೂ, ಊರಲ್ಲೇ ಕೂತು ಇದೇನಪ್ಪಾ ಅಂತ ಕುತೂಹಲ ಇರೋರಿಗೂ ಈ ಲೇಖನ. ನನ್ನ ಪ್ರಕಾರ ಈ ಆಟ ಅರ್ಥ ಮಾಡ್ಕೊಳ್ಳೋಕೆ ರೂಲ್ ಬುಕ್ಕಿಗಿಂತ ಮಿಕೋ ಅವರ ಬದುಕು ಹಿಡಿದು ಹೋಗೋದು ಸುಲಭ.

ಮೊದಲು ಆಟ ಏನು ಅಂತ ನೋಡೋಣ

ಒಂದು ಕಡೆಗೆ 15 ಜನ. ಮೈದಾನ ನಾವು ಟೀವಿಲಿ ನೋಡೋ ಫುಟ್‌ಬಾಲ್ ಮೈದಾನಕ್ಕಿಂತ ಬಹಳ ದೊಡ್ಡದು, ಉದ್ದ 130ರಿಂದ 145 ಮೀಟರ್, ಅಗಲ 80ರಿಂದ 90. ಚೆಂಡು ಗುಂಡಗೆ, ನೋಡೋಕೆ ವಾಲಿಬಾಲ್ ತರ. ಎರಡೂ ತುದೀಲಿ ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿ ಕಂಬಗಳು, ಅಡ್ಡಪಟ್ಟಿಯ ಕೆಳಗೆ ಬಲೆ ಇರುತ್ತೆ, ಮೇಲೆ ಖಾಲಿ ಆಕಾಶ.

ಚೆಂಡನ್ನ ಕೈಯಲ್ಲಿ ಹಿಡಿಯಬಹುದು, ಒದೆಯಬಹುದು, ಆದ್ರೆ ಎತ್ತಿಕೊಂಡು ಸುಮ್ನೆ ಓಡೋ ಹಾಗಿಲ್ಲ. 4 ಹೆಜ್ಜೆ ಆದ್ಮೇಲೆ ಏನಾದ್ರೂ ಮಾಡ್ಲೇಬೇಕು. ಒಂದೋ ನೆಲಕ್ಕೆ ಕುಟ್ಟಿ ಹಿಡೀಬೇಕು, ಇಲ್ಲಾ ಪಾದದ ತುದಿಯಿಂದ ಮೆಲ್ಲಗೆ ಮೇಲಕ್ಕೆ ಒದ್ದು ವಾಪಸ್ ಕೈಗೆ ತಗೋಬೇಕು. ಈ ಎರಡನೇದಕ್ಕೆ ಸೋಲೋ ಅಂತಾರೆ. ಸಾಲಾಗಿ ಎರಡು ಸಲ ನೆಲಕ್ಕೆ ಕುಟ್ಟೋ ಹಾಗಿಲ್ಲ, ಸೋಲೋ ಮಾತ್ರ ಎಷ್ಟು ಬೇಕಾದ್ರೂ ಮಾಡಬಹುದು. ಪೂರ್ತಿ ವೇಗದಲ್ಲಿ ಓಡ್ತಾ, ಪಕ್ಕದಲ್ಲಿ ಒಬ್ಬ ಭುಜಕ್ಕೆ ಭುಜ ಕೊಟ್ಟು ತಳ್ತಾ ಇರೋವಾಗ ಇದನ್ನ ಮಾಡಿ ನೋಡಿ, ಮನೆ ಮುಂದೆ ಆರಾಮಾಗಿ ಪ್ರಯತ್ನಪಟ್ರೇ ಚೆಂಡು ಪಕ್ಕದ ಮನೆ ಕಾಂಪೌಂಡಿಗೆ ಹೋಗುತ್ತೆ.

ಜೊತೆಯವರಿಗೆ ಕೈಯಿಂದ ಕೊಡೋದಾದ್ರೆ ಎಸೆಯೋ ಹಾಗಿಲ್ಲ, ಹೊಡೆದು ಕೊಡಬೇಕು. ವಾಲಿಬಾಲಲ್ಲಿ ಕೆಳಗಿಂದ ಸರ್ವ್ ಮಾಡ್ತೀವಲ್ಲ, ಹೆಚ್ಚುಕಮ್ಮಿ ಹಾಗೆ. ಎದುರಾಳಿಯನ್ನ ತಬ್ಬಿ ಹಿಡಿಯೋದು, ಅಂಗಿ ಎಳೆಯೋದು ಫೌಲ್, ಭುಜಕ್ಕೆ ಭುಜ ಕೊಟ್ಟು ತಳ್ಳಬಹುದು, ತೆರೆದ ಅಂಗೈಲಿ ಚೆಂಡನ್ನ ತಟ್ಟಿ ಬೀಳಿಸಬಹುದು. ಈಗ ಕೌಂಟಿಗಳ (ಅಲ್ಲಿನ ಜಿಲ್ಲೆಗಳು) ನಡುವಿನ ದೊಡ್ಡ ಪಂದ್ಯ 70 ನಿಮಿಷ ನಡೆಯುತ್ತೆ.

1-15 ಅಂದ್ರೆ ಎಷ್ಟು?

ಹೊಸಬರು ತಲೆ ಕೆರ್ಕೊಳ್ಳೋದು ಇಲ್ಲೇ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೋದ್ರೆ ಗೋಲು, ಮೇಲಿಂದ ಎರಡು ಕಂಬದ ನಡುವೆ ದಾಟಿದ್ರೆ ಪಾಯಿಂಟು. ಒಂದು ಗೋಲಿನ ಬೆಲೆ 3 ಪಾಯಿಂಟು. ಸ್ಕೋರಲ್ಲಿ ಮೊದಲನೇ ಅಂಕಿ ಗೋಲಿಂದು, ಎರಡನೇದು ಪಾಯಿಂಟಿಂದು, ಎರಡನ್ನೂ ಕೂಡಿಸದೇ ಹಾಗೇ ಬಿಡ್ತಾರೆ. ಅಂಗಡಿ ಗಲ್ಲಾದಲ್ಲಿ ನೋಟು ಎಷ್ಟು, ಚಿಲ್ಲರೆ ಎಷ್ಟು ಅಂತ ಬೇರೆ ಬೇರೆ ಬರೆದಿಟ್ಟ ಹಾಗೆ. 1-15 ಅಂದ್ರೆ 3 ಮತ್ತು 15, ಒಟ್ಟು 18. 0-17 ಅಂದ್ರೆ 17. ಈ ಎರಡು ಸ್ಕೋರು ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಲೆಕ್ಕ ಸುಲಭ, ಆದ್ರೆ ಅದು ಮಾಡೋ ಕೆಲಸ ನೋಡಿ. 1957ರಲ್ಲಿ ಕೆರಿ ಅನ್ನೋ ಬಲಿಷ್ಠ ತಂಡ ವಾಟರ್‌ಫರ್ಡ್ ಅನ್ನೋ ಸಣ್ಣ ತಂಡದ ಎದುರು ಆಡಿತು. ಕೆರಿ 0-10, ವಾಟರ್‌ಫರ್ಡ್ 2-5. ಕೆರಿಯವರು 10 ಸಲ ಸ್ಕೋರ್ ಮಾಡಿದ್ರು, ವಾಟರ್‌ಫರ್ಡಿನವರು 7 ಸಲ ಅಷ್ಟೇ, ಆದ್ರೆ ಅದರಲ್ಲಿ ಎರಡು ಗೋಲು ಇದ್ದದ್ರಿಂದ 11 ಆಯ್ತು, ಕೆರಿ ಒಂದು ಪಾಯಿಂಟಲ್ಲಿ ಸೋತು ಮನೆಗೆ ಹೋಯ್ತು. ಕೆರಿ ಇತಿಹಾಸದಲ್ಲಿ ಇವತ್ತಿಗೂ ಮರೆಯದ ಸೋಲು ಅದು. ಆವತ್ತು ಕೆರಿ ಪರವಾಗಿ ಇಳಿದಿದ್ದ ಹೊಸ ಹುಡುಗರಲ್ಲಿ ಮಿಕ್ ಓಡ್ವಾಯರ್ ಕೂಡ ಒಬ್ಬರು.

(2025ರಿಂದ ಇನ್ನೊಂದು ಸೇರಿದೆ. ಗೋಲಿನಿಂದ 40 ಮೀಟರ್ ದೂರದಲ್ಲಿ ಕಮಾನಿನ ಆಕಾರದ ಗೆರೆ ಎಳೆದಿದ್ದಾರೆ, ಅದರ ಆಚೆಯಿಂದ ಒದ್ದು ಅಡ್ಡಪಟ್ಟಿ ಮೇಲಿಂದ ದಾಟಿಸಿದ್ರೆ 2 ಪಾಯಿಂಟು. ಮಿಕೋ ಕಾಲದಲ್ಲಿ ಇದು ಇರ್ಲಿಲ್ಲ.)

ಕೌಂಟಿ ಅಂದ್ರೆ ಯಾಕಿಷ್ಟು ಜೀವ

ಈ ಆಟ ನಡೆಸೋ ಸಂಸ್ಥೆ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಎಲ್ಲರೂ ಜಿಎಎ ಅಂತಾರೆ. 1884ರ ನವೆಂಬರ್ 1ಕ್ಕೆ ಟಿಪ್ಪರೇರಿ ಕೌಂಟಿಯ ಥರ್ಲ್ಸ್ ಊರಿನ ಒಂದು ಹೋಟೆಲಲ್ಲಿ ಶುರುವಾಯ್ತು. ಆಗ ಐರ್ಲೆಂಡ್ ಬ್ರಿಟಿಷರ ಕೈಯಲ್ಲಿತ್ತು, ನಮ್ಮ ನೆಲದ ಆಟ ನಾವೇ ಉಳಿಸ್ಕೊಳ್ಳಬೇಕು ಅನ್ನೋದು ಇದರ ಹಿಂದಿನ ಉದ್ದೇಶ. ಹಾಗಾಗಿ ಈ ಸಂಸ್ಥೆಗೂ ಆ ದೇಶದ ಸ್ವಾತಂತ್ರ್ಯದ ಕಥೆಗೂ ಗಂಟು ಬಿದ್ದಿದೆ. 1920ರ ನವೆಂಬರ್ 21ಕ್ಕೆ ಡಬ್ಲಿನ್ನಿನ ಕ್ರೋಕ್ ಪಾರ್ಕಲ್ಲಿ ಪಂದ್ಯ ನಡೀತಿರೋವಾಗ ಬ್ರಿಟಿಷ್ ಪಡೆಗಳು ಗುಂಡು ಹಾರಿಸಿ 14 ಜನ ಸತ್ರು, ಅದರಲ್ಲಿ ಮೈಕಲ್ ಹೋಗನ್ ಅನ್ನೋ ಆಟಗಾರನೂ ಇದ್ದ. ಇವತ್ತು ಅದೇ ಕ್ರೋಕ್ ಪಾರ್ಕಲ್ಲಿ ಒಂದು ಗ್ಯಾಲರಿಗೆ ಅವನ ಹೆಸರಿದೆ, ಸುಮಾರು 82,000 ಜನ ಕೂರೋ ಜಾಗ ಅದು, ಫೈನಲ್ ಅಲ್ಲೇ ನಡೆಯೋದು.

ಐರ್ಲೆಂಡ್ ದ್ವೀಪದಲ್ಲಿ 32 ಕೌಂಟಿ. ನಮ್ಮ ಜಿಲ್ಲೆ ಅಂದ್ಕೊಳ್ಳಿ. ಅದರಲ್ಲಿ 6 ಕೌಂಟಿ ಇವತ್ತಿಗೂ ಬ್ರಿಟನ್ ಜೊತೆಗಿರೋ ಉತ್ತರ ಐರ್ಲೆಂಡಲ್ಲಿವೆ, ಆದ್ರೆ ಜಿಎಎ ಆ ಗಡಿ ಲೆಕ್ಕಕ್ಕೆ ತಗೊಳ್ಳಲ್ಲ, ಇಡೀ ದ್ವೀಪಕ್ಕೆ ಒಂದೇ ಚಾಂಪಿಯನ್‌ಶಿಪ್. 32 ಕೌಂಟಿಗಳನ್ನ ಮನ್‌ಸ್ಟರ್, ಲೆನ್‌ಸ್ಟರ್, ಕಾನಾಕ್ಟ್, ಅಲ್‌ಸ್ಟರ್ ಅಂತ 4 ಪ್ರಾಂತ್ಯ ಮಾಡಿದ್ದಾರೆ. ಮಿಕೋ ಕಾಲದಲ್ಲಿ ಮೊದಲು ಪ್ರಾಂತ್ಯ ಗೆಲ್ಲಬೇಕು, ಆಮೇಲೆ ಸೆಮಿಫೈನಲ್, ಆಮೇಲೆ ಆಲ್ ಐರ್ಲೆಂಡ್ ಫೈನಲ್. ಗೆದ್ದೋರಿಗೆ ಸ್ಯಾಮ್ ಮಗ್ವಾಯರ್ ಕಪ್, ಜನರ ಬಾಯಲ್ಲಿ ಬರೀ ಸ್ಯಾಮ್. 2000ದವರೆಗೆ ಒಂದು ಪಂದ್ಯ ಸೋತ್ರೆ ಆ ವರ್ಷದ ಕಥೆ ಮುಗೀತು, ಇನ್ನೊಂದು ಅವಕಾಶ ಅಂತ ಇರ್ಲಿಲ್ಲ.

ಇನ್ನೂ ಮುಖ್ಯವಾದದ್ದು, ಇಲ್ಲಿ ಯಾರಿಗೂ ಸಂಬಳ ಇಲ್ಲ. 80,000 ಜನರ ಎದುರು ಫೈನಲ್ ಆಡಿದೋನು ರಜೆ ಮುಗಿದ ಮೇಲೆ ಶಾಲೇಲಿ ಪಾಠ ಮಾಡ್ತಾನೆ, ಹಾಲು ಕರೀತಾನೆ, ಪೊಲೀಸ್ ಡ್ಯೂಟಿಗೆ ಹೋಗ್ತಾನೆ. ಐಪಿಎಲ್ ತರ ಹರಾಜಿಲ್ಲ, ದುಡ್ಡು ಕೊಟ್ಟು ಬೇರೆ ಕೌಂಟಿಯಿಂದ ಆಟಗಾರನ್ನ ತರೋಕಾಗಲ್ಲ. ನಿಮ್ಮ ಕೌಂಟೀಲಿ ಹುಟ್ಟಿ ಬೆಳೆದ ಹುಡುಗರು, ಇಲ್ಲಾ ಅಲ್ಲಿಗೇ ಬಂದು ನೆಲೆಸಿ ಅಲ್ಲಿನ ಕ್ಲಬ್ಬಿಗೆ ಆಡೋರು, ಇಷ್ಟೇ ನಿಮ್ಮ ಕೈಲಿರೋದು. ಸೋತ್ರೆ ಸೋತಿದ್ದು ಪಕ್ಕದ ಮನೆ ಹುಡುಗ, ಅದಕ್ಕೇ ಜನ ಇಷ್ಟು ಹಚ್ಕೋತಾರೆ.

ವಾಟರ್‌ವಿಲ್ಲಿನ ಹುಡುಗ

ಕೆರಿ ಇರೋದು ದ್ವೀಪದ ನೈಋತ್ಯ ಮೂಲೇಲಿ, ಬೆಟ್ಟ, ಕಡಲು, ಮಳೆ. ಅಲ್ಲಿ ಅಟ್ಲಾಂಟಿಕ್ ದಂಡೆ ಮೇಲಿನ ವಾಟರ್‌ವಿಲ್ ಅನ್ನೋ ಪುಟ್ಟ ಊರಲ್ಲಿ 1936ರ ಜೂನ್ 9ಕ್ಕೆ ಮಿಕೋ ಹುಟ್ಟಿದ್ದು. ಚಾರ್ಲಿ ಚಾಪ್ಲಿನ್ ಸಂಸಾರ ಸಮೇತ ರಜೆಗೆ ಬರ್ತಿದ್ದ ಊರು ಅದೇ. ಈಗ ಅಲ್ಲಿ ಚಾಪ್ಲಿನ್ ಪ್ರತಿಮೆಯೂ ಇದೆ, ಮಿಕೋ ಪ್ರತಿಮೆಯೂ ಇದೆ. ಹೊಟ್ಟೆಪಾಡಿಗೆ ಗ್ಯಾರೇಜು, ಆಮೇಲೆ ಹೋಟೆಲು ನಡೆಸಿದ್ರು, ಆಟದಿಂದ ಮನೆ ನಡೆಯಲ್ಲವಲ್ಲ.

ಆ 1957ರ ಸೋಲಿಂದ ಶುರುವಾದ ಆಟ 1974ರವರೆಗೆ ನಡೀತು. ಮೊದಲು ಹಾಫ್ ಬ್ಯಾಕ್, ಅಂದ್ರೆ ರಕ್ಷಣೆಯ ಸಾಲಲ್ಲಿ ಆಡಿ 1959 ಮತ್ತು 1962ರಲ್ಲಿ ಆಲ್ ಐರ್ಲೆಂಡ್ ಗೆದ್ರು. 60ರ ದಶಕದ ನಡುವೆ ಎರಡೂ ಕಾಲು ಮುರಿದುಕೊಂಡ್ರು, ಒಂದು ಹಂತದಲ್ಲಿ ಆಟ ಬಿಟ್ಟೂ ಆಗಿತ್ತು. ಆಮೇಲೆ ಮುಂದಿನ ಸಾಲಿನ ಆಟಗಾರನಾಗಿ, ಅಂದ್ರೆ ಸ್ಕೋರ್ ಮಾಡೋ ಜಾಗಕ್ಕೆ ವಾಪಸ್ ಬಂದ್ರು. 1969ರಲ್ಲಿ ಆಫಲಿ ಎದುರು ಗೆದ್ದಾಗ ಅವರಿಗೆ 33 ವರ್ಷ, ಆ ವರ್ಷದ ಶ್ರೇಷ್ಠ ಆಟಗಾರ ಅಂತ ಪ್ರಶಸ್ತಿನೂ ಬಂತು. 1970ರಲ್ಲಿ ಮೀಥ್ ಎದುರು ನಾಲ್ಕನೇ ಗೆಲುವು. ಎರಡೂ ಕಾಲು ಮುರಿದ ಮನುಷ್ಯ 30 ದಾಟಿದ ಮೇಲೆ ಬೇರೆ ಜಾಗದಲ್ಲಿ ಆಡಿ ಮತ್ತೆರಡು ಕಪ್ ಗೆಲ್ಲೋದು ಸಣ್ಣ ಮಾತಲ್ಲ, ಆಮೇಲಿನ ಮ್ಯಾನೇಜರ್ ಹೆಸರು ಇಷ್ಟು ದೊಡ್ಡದಾಗಿದ್ದಕ್ಕೆ ಈ ಆಟಗಾರನನ್ನ ಜನ ಸ್ವಲ್ಪ ಮರೆತ್ರು ಅಂತ ನನಗನ್ಸುತ್ತೆ.

ಮ್ಯಾನೇಜರ್ ಅನ್ನೋ ಕೆಲಸ ಬಂದಿದ್ದು ಹೇಗೆ

ಅಲ್ಲೀವರೆಗೆ ಕೌಂಟಿ ತಂಡಕ್ಕೆ ಒಬ್ಬ ಟ್ರೈನರ್, ಜೊತೆಗೆ ಒಂದು ಆಯ್ಕೆ ಸಮಿತಿ, ಅಷ್ಟೇ. ಯಾರು ಆಡಬೇಕು ಅನ್ನೋದನ್ನ ನಾಕೈದು ಜನ ಕೂತು ಮಾತಾಡಿ ತೀರ್ಮಾನ ಮಾಡೋರು. 1974ರಲ್ಲಿ ಡಬ್ಲಿನ್ ತಂಡವನ್ನ ಕೆವಿನ್ ಹೆಫರ್ನನ್ ಕಟ್ಟಿ ಗೆಲ್ಲಿಸಿದ ಮೇಲೆ ಲೆಕ್ಕ ಬದಲಾಯ್ತು. ಒಬ್ಬನೇ ಮನುಷ್ಯ ತಂಡದ ಪೂರ್ತಿ ಹೊಣೆ ಹೊರೋದು, ದೈಹಿಕ ಸಾಮರ್ಥ್ಯ ಬೆಳೆಸೋದು, ಎದುರಾಳಿ ಹೇಗೆ ಆಡ್ತಾನೆ ನೋಡ್ಕೊಂಡು ಯೋಜನೆ ಮಾಡೋದು, ಇದೆಲ್ಲ ಅಲ್ಲಿಂದ ಬೆಳೀತು.

ಮರುವರ್ಷ 1975ರಲ್ಲಿ ಕೆರಿ ಮಿಕೋ ಅವರಿಗೆ ತಂಡ ಕೊಡ್ತು. ಆಟ ಬಿಟ್ಟು ಒಂದು ವರ್ಷ ಆಗಿತ್ತಷ್ಟೇ. ಕೈಲಿದ್ದಿದ್ದು ಮೀಸೆ ಚಿಗುರುತಿರೋ ಹುಡುಗರು, ಅವರನ್ನ ಕಿಲಾರ್ನಿಯ ಮೈದಾನದಲ್ಲಿ ಈ ಕಡೆ ತಂತಿ ಬೇಲಿಯಿಂದ ಆ ಕಡೆ ಬೇಲಿವರೆಗೆ ಓಡಿಸಿದ್ರು, ಮತ್ತೆ ವಾಪಸ್, ಮತ್ತೆ ಓಟ. ವೈರ್ ಟು ವೈರ್ ಅಂತ ಆ ಓಟಕ್ಕೆ ಹೆಸರು, ಆ ತಂಡದೋರು ವಯಸ್ಸಾದ ಮೇಲೂ ಅದನ್ನ ನೆನೆಸ್ಕೊಳ್ಳದೇ ಇರ್ತಿರ್ಲಿಲ್ಲ. ಆ ಸೆಪ್ಟೆಂಬರಲ್ಲಿ ಡಬ್ಲಿನ್ನನ್ನ 2-12, 0-11 ಅಂತ ಸೋಲಿಸಿ ಕಪ್ ತಂದ್ರು. ಈಗ ನಿಮಗೇ ಲೆಕ್ಕ ಬರುತ್ತೆ, 18ಕ್ಕೆ 11.

ಎಂಟು ಕಪ್ಪು, ಒಂದು ಮಧ್ಯಾಹ್ನ

1976ರ ಫೈನಲಲ್ಲಿ ಡಬ್ಲಿನ್ ಸೇಡು ತೀರಿಸ್ಕೊಂಡಿತು, 1977ರ ಸೆಮಿಫೈನಲಲ್ಲೂ ಡಬ್ಲಿನ್ನೇ ಗೆದ್ದಿತು. ಹಳ್ಳಿಗಾಡಿನ ಕೆರಿ, ರಾಜಧಾನಿ ಡಬ್ಲಿನ್, ಈ ಎರಡರ ಜಿದ್ದಾಜಿದ್ದಿ ಇಡೀ ದೇಶವನ್ನ ಟೀವಿ ಮುಂದೆ ಕೂರಿಸಿತು. ಮಿಕೋ ಏನು ಮಾಡಿದ್ರು ಅಂದ್ರೆ ಓಯನ್ ಲಿಸ್ಟನ್ ಅನ್ನೋ ದೈತ್ಯ ಹುಡುಗನ್ನ, ಬಾಂಬರ್ ಅಂತ ಅಡ್ಡಹೆಸರು, ತಯಾರು ಮಾಡಿ ಗೋಲಿನ ಮುಂದೆ ನಿಲ್ಲಿಸಿದ್ರು. ಎತ್ತರಕ್ಕೆ ಚೆಂಡು ಹಾಕಿದ್ರೆ ಅವನು ಹಿಡೀತಾನೆ, ಸುತ್ತಮುತ್ತ ಓಡಿ ಬರೋ ಚುರುಕು ಹುಡುಗರಿಗೆ ಕೊಡ್ತಾನೆ. 1978ರ ಫೈನಲಲ್ಲಿ ಆ ಲಿಸ್ಟನ್ 3 ಗೋಲು ಹೊಡೆದ, ಅದಕ್ಕೂ ಮುಂಚೆ ಡಬ್ಲಿನ್ ಗೋಲ್‌ಕೀಪರ್ ಪ್ಯಾಡಿ ಕಲನ್ ರೆಫರಿ ಜೊತೆ ವಾದ ಮಾಡ್ತಿರೋವಾಗ ಮೈಕಿ ಶೀಹಿ ಫ್ರೀ ಕಿಕ್ಕನ್ನ ಅವರ ತಲೆ ಮೇಲಿಂದ ಬಲೆಗೆ ಇಳಿಸಿದ್ರು. ಕಲನ್ ಹಿಂದೆ ಹಿಂದೆ ಓಡೋ ದೃಶ್ಯವನ್ನ ಅಲ್ಲಿ ಇವತ್ತಿಗೂ ತೋರಿಸ್ತಾನೇ ಇರ್ತಾರೆ. 5-11ಕ್ಕೆ 0-9.

ಆಮೇಲೆ 1979, 1980, 1981, ಒಟ್ಟು ಸಾಲಾಗಿ ನಾಲ್ಕು. ಸಾಲಾಗಿ ಐದು ಅಲ್ಲೀವರೆಗೆ ಯಾವ ಕೌಂಟಿಯೂ ಗೆದ್ದಿರ್ಲಿಲ್ಲ. ಸೋತ್ರೆ ಅಲ್ಲಿಗೇ ಮುಗೀತು ಅನ್ನೋ ಪದ್ಧತೀಲಿ ಐದು ವರ್ಷ ಒಂದೂ ಪಂದ್ಯ ಸೋಲದೇ ಇರೋದು ಅಂದ್ರೆ ಯೋಚನೆ ಮಾಡಿ. 1982ರ ಸೆಪ್ಟೆಂಬರ್ 19, ಎದುರಾಳಿ ಆಫಲಿ. ಕೆರೀಲಿ ಐದನೇ ಗೆಲುವಿನ ಹಾಡು, ಟೀಶರ್ಟು ಎಲ್ಲ ಮೊದಲೇ ರೆಡಿ ಆಗಿತ್ತು. ಮೈದಾನದಲ್ಲಿ ಮಳೆ. ಕೆರಿಗೆ ಒಂದು ಪೆನಾಲ್ಟಿ ಸಿಕ್ತು, ಅದೇ ಶೀಹಿ ಒದ್ದಿದ್ದನ್ನ ಆಫಲಿ ಗೋಲ್‌ಕೀಪರ್ ಮಾರ್ಟಿನ್ ಫರ್ಲಾಂಗ್ ತಡೆದ್ರು. ಆದ್ರೂ ಪಂದ್ಯ ಮುಗಿಯೋಕೆ ಎರಡು ನಿಮಿಷ ಇದೆ ಅನ್ನೋವಾಗ ಕೆರಿ 0-17, ಆಫಲಿ 0-15, ಎರಡು ಪಾಯಿಂಟು ಮುಂದೆ.

ಎರಡು ಪಾಯಿಂಟು ಮುಂದೆ ಇರೋದು ಗೋಲಿಗೆ 3 ಇರೋ ಆಟದಲ್ಲಿ ಎಷ್ಟು ಅಪಾಯ ಅಂತ ಈಗ ನಿಮಗೆ ಗೊತ್ತಾಗ್ಬೇಕು. ಬದಲಿ ಆಟಗಾರನಾಗಿ ಒಳಗೆ ಬಂದಿದ್ದ ಶೇಮಸ್ ಡಾರ್ಬಿ ಎತ್ತರದಿಂದ ಬಂದ ಚೆಂಡನ್ನ ಹಿಡಿದ, ತಿರುಗಿದ, ಬಲೆಯ ಮೇಲಿನ ಮೂಲೆಗೆ ಒದ್ದ. ಅವನು ಕೆರಿ ಡಿಫೆಂಡರ್ ಟಾಮಿ ಡಾಯ್ಲ್ ಬೆನ್ನಿಗೆ ಕೈ ಹಾಕಿ ತಳ್ಳಿದ ಅಂತ ಕೆರಿ ಕಡೆಯೋರು ಇವತ್ತಿಗೂ ಅಂತಾರೆ, ರೆಫರಿ ಫೌಲ್ ಕೊಡ್ಲಿಲ್ಲ. ಆಫಲಿ 1-15, ಕೆರಿ 0-17. 18ಕ್ಕೆ 17. ವಾಟರ್‌ಫರ್ಡ್ ಎದುರು ಆದ ಹಾಗೇ, 25 ವರ್ಷದ ನಂತರ, ಅದೇ ಒಂದು ಪಾಯಿಂಟು.

ಸಾಲಾಗಿ ಐದು ಅನ್ನೋದು ಕೊನೆಗೆ 2015ರಿಂದ 2019ರ ನಡುವೆ ಡಬ್ಲಿನ್ ಮಾಡ್ತು, ಜಿಮ್ ಗ್ಯಾವಿನ್ ಮ್ಯಾನೇಜರಾಗಿದ್ದಾಗ. ಐದನೇ ಸಲ ಸೋತಿದ್ದು ಕೆರೀನೇ.

ಮಿಕೋ ಬಗ್ಗೆ ಹೇಳೋವಾಗ ಜನ 1982ಕ್ಕೇ ನಿಂತುಬಿಡ್ತಾರೆ, ನನಗೆ ಅದಕ್ಕಿಂತ ದೊಡ್ಡದು ಅನ್ಸೋದು ಆಮೇಲಿನದ್ದು. 1983ರಲ್ಲಿ ಮನ್‌ಸ್ಟರ್ ಫೈನಲಲ್ಲೇ ಕಾರ್ಕ್ ಎದುರು ಕೊನೇ ಗಳಿಗೆಯ ಗೋಲಿಗೆ ಸೋತ್ರು. ಸಾಲಾಗಿ ಎರಡು ವರ್ಷ ಕೊನೇ ಗಳಿಗೇಲಿ ಎದೆ ಒಡೆದಿರೋ, ಆಡಿ ಆಡಿ ಸುಸ್ತಾಗಿರೋ, ಮನೆ ಮಕ್ಕಳು ಅಂತ ಆಗಿರೋ, ಸಂಬಳನೂ ಇಲ್ಲದಿರೋ ಅದೇ ಆಟಗಾರರನ್ನ ಮಿಕೋ ಮತ್ತೆ ಆ ಬೇಲಿಗಳ ನಡುವೆ ಓಡಿಸಿದ್ರು. 1984, 1985, 1986, ಮತ್ತೆ ಮೂರು ಕಪ್ಪು. ಪ್ಯಾಟ್ ಸ್ಪಿಲೇನ್, ಮೈಕಿ ಶೀಹಿ, ಪಾಡಿ ಓ ಶೇ, ಗರ್ ಪವರ್, ಓಗೀ ಮೊರಾನ್, ಈ ಐವರು ಎಂಟಕ್ಕೆ ಎಂಟೂ ಪದಕ ಗೆದ್ರು. 1989ರಲ್ಲಿ ಮಿಕೋ ಕೆರಿ ಬಿಟ್ರು.

ತವರು ಬಿಟ್ಟು ಕಿಲ್ಡೇರಿಗೆ

ಆಟಗಾರರು ಕೌಂಟಿ ಬಿಟ್ಟು ಸುಲಭಕ್ಕೆ ಹೋಗೋ ಹಾಗಿಲ್ಲ ಅಂದ್ನಲ್ಲ, ಮ್ಯಾನೇಜರಿಗೆ ಆ ಕಟ್ಟಿಲ್ಲ. 1982ರಲ್ಲಿ ಆಫಲಿ ಗೆಲ್ಲಿಸಿದ ಯೂಜೀನ್ ಮೆಗೀ ಕೂಡ ಲಾಂಗ್‌ಫರ್ಡ್ ಕೌಂಟಿಯವರು. 1990ರಲ್ಲಿ ಮಿಕೋ ಡಬ್ಲಿನ್ ಪಕ್ಕದ ಕಿಲ್ಡೇರಿಗೆ ಹೋದ್ರು, ನಡುವೆ ಒಂದು ಸಲ ಬಿಟ್ಟು ಮತ್ತೆ ಬಂದು 2002ರವರೆಗೆ ಇದ್ರು. ವಾಟರ್‌ವಿಲ್ಲಿಂದ ಅಲ್ಲಿಗೆ ಅಂದ್ರೆ ಹೆಚ್ಚುಕಮ್ಮಿ ದೇಶ ಅಡ್ಡ ದಾಟಿದ ಹಾಗೆ.

ಸ್ಯಾಮ್ ಮಗ್ವಾಯರ್ ಕಪ್ಪನ್ನ ಮೊಟ್ಟಮೊದಲು, 1928ರಲ್ಲಿ ಎತ್ತಿದ ತಂಡ ಕಿಲ್ಡೇರ್. ಆಮೇಲೆ ಮತ್ತೆ ಗೆದ್ದೇ ಇಲ್ಲ. 1956ರಿಂದ ಲೆನ್‌ಸ್ಟರ್ ಪ್ರಾಂತ್ಯ ಕೂಡ ಗೆದ್ದಿರ್ಲಿಲ್ಲ. 1998ರಲ್ಲಿ ಮಿಕೋ ಅದನ್ನ ಗೆಲ್ಲಿಸಿದ್ರು, ಸೆಮಿಫೈನಲಿಗೆ ಎದುರು ಬಂದಿದ್ದು ಯಾರು ಅಂದ್ರೆ ಕೆರಿ. ಹಿಂದಿನ ವರ್ಷದ ಚಾಂಪಿಯನ್, ಅದರ ಮ್ಯಾನೇಜರ್ ಪಾಡಿ ಓ ಶೇ, ಮಿಕೋ ಕೈಕೆಳಗೆ ಎಂಟು ಪದಕ ಗೆದ್ದ ಹುಡುಗ. ಕಿಲ್ಡೇರ್ ಪರವಾಗಿ ಮಿಕೋ ಮಗ ಕಾರ್ಲ್ ಆಡ್ತಿದ್ರು, ಅವರು ಮುಂಚೆ ಕೆರಿಗೆ ಆಡಿದೋರು. ಕಿಲ್ಡೇರ್ 0-13, ಕೆರಿ 1-9. ಕೂಡಿಸಿ ನೋಡಿ, 13ಕ್ಕೆ 12. ಈ ಸಲ ಆ ಒಂದು ಪಾಯಿಂಟು ಮಿಕೋ ಕಡೆ ಬಿತ್ತು, ಆದ್ರೆ ಸೋತಿದ್ದು ಅವರ ಸ್ವಂತ ಊರು. ಫೈನಲಲ್ಲಿ ಗಾಲ್ವೇ ಎದುರು ಕಿಲ್ಡೇರ್ ಸೋತಿತು, 2000ದಲ್ಲಿ ಇನ್ನೊಂದು ಲೆನ್‌ಸ್ಟರ್ ಬಂತು.

ಮುಂದಿನದು ಲೀಶ್. ಇಂಗ್ಲಿಷ್ ಅಕ್ಷರ ನೋಡಿದ್ರೆ ಲಾವೋಯಿಸ್ ಅಂತ ಓದ್ಬೇಕು ಅನ್ಸುತ್ತೆ, ಹೇಳೋದು ಲೀಶ್. ಹೋದ ಮೊದಲ ವರ್ಷವೇ, 2003ರಲ್ಲಿ, ಲೆನ್‌ಸ್ಟರ್ ಗೆದ್ರು, ಲೀಶಿಗೆ ಅದು 1946ರ ನಂತರ ಮೊದಲನೇದು. ಫೈನಲಲ್ಲಿ ಸೋತಿದ್ದು ಕಿಲ್ಡೇರ್.

ವಿಕ್ಲೋ

70 ದಾಟಿದ ಮೇಲೆ, 2007ರ ಹೊತ್ತಿಗೆ, ಅವರು ವಿಕ್ಲೋಗೆ ಹೋದ್ರು. ಇಲ್ಲಿ ಒಂದು ವಿಷಯ ಗಮನಿಸಿ. 2022ರ ಜನಗಣತೀಲಿ ಕೆರಿ ಜನಸಂಖ್ಯೆ ಒಂದೂವರೆ ಲಕ್ಷಕ್ಕೆ ಸ್ವಲ್ಪ ಮೇಲೆ, ವಿಕ್ಲೋ ಕೂಡ ಅಷ್ಟೇ. ಆದ್ರೆ ಕೆರಿ 39 ಸಲ ಆಲ್ ಐರ್ಲೆಂಡ್ ಗೆದ್ದಿದೆ, 39ನೇದು ಬಂದಿದ್ದು ಮಿಕೋ ತೀರ್ಕೊಂಡು ಹೆಚ್ಚುಕಮ್ಮಿ ನಾಲ್ಕು ತಿಂಗಳಾದ ಮೇಲೆ, 2025ರ ಜುಲೈಲಿ. ವಿಕ್ಲೋ ಆಲ್ ಐರ್ಲೆಂಡ್ ಇರ್ಲಿ, ಲೆನ್‌ಸ್ಟರ್ ಪ್ರಾಂತ್ಯವನ್ನೇ ಒಂದು ಸಲವೂ ಗೆದ್ದಿಲ್ಲ. ತಲೆ ಎಣಿಸಿದ್ರೆ ಎರಡೂ ಒಂದೇ, ವ್ಯತ್ಯಾಸ ಇರೋದು ಮನೆ ಮನೆಗೆ ಇಳಿದಿರೋ ಅಭ್ಯಾಸದಲ್ಲಿ. ಕೆರೀಲಿ ಹುಟ್ಟಿದ ಮಗುಗೆ ತಾತ ಮಾವ ಯಾರೋ ಒಬ್ಬರು ಪದಕ ತೋರಿಸಿರ್ತಾರೆ.

ಅಂಥ ವಿಕ್ಲೋ ತಂಡ 2008ರಲ್ಲಿ ಕಿಲ್ಡೇರ್ ತಂಡವನ್ನ 0-13, 0-9 ಅಂತ ಸೋಲಿಸಿತು. ಚಾಂಪಿಯನ್‌ಶಿಪ್ಪಲ್ಲಿ ವಿಕ್ಲೋ ಕ್ರೋಕ್ ಪಾರ್ಕಲ್ಲಿ ಗೆದ್ದ ಮೊಟ್ಟಮೊದಲ ಪಂದ್ಯ ಅದು. 2001ರಿಂದ ಸೋತೋರಿಗೂ ಇನ್ನೊಂದು ದಾರಿ ಮಾಡಿಕೊಟ್ಟಿದ್ರಲ್ಲ, 2009ರಲ್ಲಿ ಆ ದಾರೀಲಿ ಬಂದ ಫರ್ಮಾನಾ, ಕ್ಯಾವನ್, ಡೌನ್ ಅನ್ನೋ ಮೂರು ಅಲ್‌ಸ್ಟರ್ ತಂಡಗಳನ್ನ ವಿಕ್ಲೋ ತನ್ನ ಆಕ್ರಿಮ್ ಊರಿನ ಮೈದಾನಕ್ಕೆ ಕರೆಸಿ ಒಂದರ ಹಿಂದೆ ಒಂದು ಸೋಲಿಸಿತು. ಆಗ ಮಿಕೋಗೆ 73. ಕಪ್ ಏನೂ ಸಿಗ್ಲಿಲ್ಲ, ಮುಂದಿನ ಪಂದ್ಯದಲ್ಲಿ ಅದೇ ಕಿಲ್ಡೇರ್ ಅವರನ್ನ ಹೊರಗೆ ಹಾಕಿತು. ವಿಕ್ಲೋ ಬಿಟ್ಟ ಮೇಲೆ 2013ರಲ್ಲಿ ಕ್ಲೇರ್ ಅನ್ನೋ ಇನ್ನೊಂದು ಕೌಂಟಿಗೆ ಒಂದು ವರ್ಷ ಹೋದ್ರು, 77ನೇ ವರ್ಷದಲ್ಲಿ.